ಒಂದು ಅನಿಮೇಷನ್ ಸಿನಿಮಾ ಇಟ್ಟುಕೊಂಡು ಕಥೆಯ ಪರಿಭಾಷೆ ಕಲಿಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ರೂಪಕ ಅಂದರೇನು ಅಂತ ಕೇಳಿದರೆ ಕಲಿಯುವವರು ಥಟ್ಟನೆ ಲಕ್ಷಣ ಹೇಳುತ್ತಾರೆ. ಕಣ್ಣೆದುರು ಸಿನಿಮಾ ಓಡುತ್ತಿರುವಾಗ "ಇಲ್ಲಿ ರೂಪಕ ಎಲ್ಲಿದೆ?" ಅಂದರೆ ಸುಮ್ಮನಾಗುತ್ತಾರೆ. ಇಲ್ಲದಿದ್ದರೆ ಕಂಡಕಂಡದ್ದಕ್ಕೆಲ್ಲ ಸಂಕೇತ ಅಂತ ಹೆಸರಿಟ್ಟುಬಿಡುತ್ತಾರೆ. ನಾನು ತಿದ್ದಿದ ನೋಟ್‌ಬುಕ್‌ಗಳಲ್ಲಿ ಹೆಚ್ಚಿನವು ಈ ಎರಡು ಕಡೆಯಲ್ಲೇ ಮುಗ್ಗರಿಸಿವೆ.

ಇದು ಬುದ್ಧಿಯ ಕೊರತೆಯಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಪದಗಳ ಪಟ್ಟಿ ಬಾಯಿಪಾಠ ಮಾಡಿ, ಆಮೇಲೆ ಆ ಪಟ್ಟಿ ಹಿಡಿದು ಸಿನಿಮಾದಲ್ಲಿ ಹುಡುಕಲು ಹೊರಡುತ್ತೇವೆ. ಹುಡುಕಿದ್ದೆಲ್ಲ ಸಿಕ್ಕಂತೆ ಅನಿಸುತ್ತದೆ, ಆದರೆ ಏನೂ ಅರ್ಥವಾಗಿರುವುದಿಲ್ಲ. ಇದನ್ನು ತಿರುಗಿಸಿ ಹಾಕಬೇಕು. ಮೊದಲು ಕಂಡದ್ದು, ಆಮೇಲೆ ಅದು ಮಾಡುವ ಕೆಲಸ, ಕೊನೆಗೆ ಹೆಸರು. ಕೆಳಗಿನ ಎಲ್ಲ ಹಂತಗಳೂ ಈ ಕ್ರಮವನ್ನು ಕಾಯುವುದಕ್ಕಾಗಿಯೇ ಇವೆ.

ಉದಾಹರಣೆಗೆ 2003ರ ‘ಫೈಂಡಿಂಗ್ ನೀಮೋ’ ಸಿನಿಮಾವನ್ನು ತೆಗೆದುಕೊಂಡಿದ್ದೇನೆ. ಮರಿ ಮೀನು ನೀಮೋನನ್ನು ಅವನ ಅಪ್ಪ ಸಮುದ್ರವೆಲ್ಲ ಹುಡುಕುವ ಕಥೆ ಅದು. ಕಥೆಯನ್ನು ಕೊನೆಯವರೆಗೂ ಬಿಚ್ಚಿಡಬೇಕಾಗುತ್ತದೆ. ನೋಡಿಲ್ಲದಿದ್ದರೆ ಮೊದಲು ನೋಡಿ ಬನ್ನಿ.

## ಶುರು ಮಾಡುವ ಮೊದಲು

ಬೇಕಾದದ್ದು ಕಡಿಮೆ. ಬೇಕಾದಲ್ಲಿ ನಿಲ್ಲಿಸಿ ಹಿಂದಕ್ಕೆ ಹೋಗಲು ಬರುವಂತೆ ಸಿನಿಮಾ, ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್. ಸಬ್‌ಟೈಟಲ್ ಇದ್ದರೆ ಒಳ್ಳೆಯದು, ಮಾತನ್ನು ತಪ್ಪಿಲ್ಲದೆ ಬರೆದುಕೊಳ್ಳಬಹುದು. ಫೋನಿನಲ್ಲಿ ಟಿಪ್ಪಣಿ ಮಾಡಬೇಡಿ. ಬರೆಯಲು ಹೋದವರು ಬೇರೇನೋ ನೋಡುತ್ತಾ ಕೂತಿರುತ್ತಾರೆ, ಒಂದು ಸೀನ್ ಕಳೆದೇಹೋಗಿರುತ್ತದೆ.

ಈ ಸಿನಿಮಾ 100 ನಿಮಿಷದ್ದು. ಮೂರು ಸಲ ನೋಡಬೇಕು, ಒಂದೇ ದಿನದಲ್ಲಲ್ಲ. ಒಂದು ವಾರ ಇಟ್ಟುಕೊಳ್ಳಿ.

ಅನಿಮೇಷನ್ನೇ ಯಾಕೆ? ನಿಜವಾದ ಬೀದಿಯಲ್ಲಿ ಕ್ಯಾಮೆರಾ ಇಟ್ಟರೆ ಹಿಂದೆ ನಾಯಿಯೊಂದು ತಾನಾಗಿ ಹಾದುಹೋಗಬಹುದು. ಅನಿಮೇಷನ್‌ನಲ್ಲಿ ಯಾವುದೂ ತಾನಾಗಿ ಬರುವುದಿಲ್ಲ. ಒಂದು ಗುಳ್ಳೆ ಕಂಡರೂ ಅದನ್ನು ಯಾರೋ ಬೇಕೆಂದೇ ಮಾಡಿದ್ದಾರೆ. ಹಾಗಾಗಿ "ಇದು ಇಲ್ಲಿ ಯಾಕಿದೆ?" ಎಂಬ ಪ್ರಶ್ನೆಗೆ ಉತ್ತರ ಸಿಗುವ ಸಾಧ್ಯತೆ ಜಾಸ್ತಿ. ಕಲಿಯುವವರಿಗೆ ಇದು ದೊಡ್ಡ ಅನುಕೂಲ.

ಬೇರೆ ಸಿನಿಮಾ ಆರಿಸುವುದಾದರೆ ಎರಡು ವಿಷಯ ನೋಡಿ. ಮುಖ್ಯ ಪಾತ್ರ ಶುರುವಿನಲ್ಲಿದ್ದ ಹಾಗೆ ಕೊನೆಯಲ್ಲಿ ಇರಬಾರದು. ಮತ್ತೆ, ಅದು ಸರಣಿಯ ಎರಡನೇ ಭಾಗವಾಗಿರಬಾರದು. ಹಾಗಿದ್ದರೆ ಅರ್ಧ ಕಥೆ ಇನ್ನೊಂದು ಸಿನಿಮಾದಲ್ಲಿ ಉಳಿದಿರುತ್ತದೆ.

## ಹಂತ 1: ಮೊದಲ ಸಲ ಪೆನ್ ಮುಟ್ಟಬೇಡಿ

ಮೊದಲ ಸಲ ಸುಮ್ನೆ ನೋಡಿ. ನಗು ಬಂದರೆ ನಗಿ, ಕಣ್ಣು ತುಂಬಿದರೆ ತುಂಬಲಿ. ಕಥೆ ನಿಮ್ಮ ಮೇಲೆ ಏನು ಮಾಡಿತು ಎನ್ನುವುದೇ ಮುಂದಿನ ಎಲ್ಲ ಹಂತಗಳಿಗೂ ಕಚ್ಚಾ ಸಾಮಗ್ರಿ. ಮೊದಲ ನೋಟದಲ್ಲೇ ಟಿಪ್ಪಣಿ ಮಾಡುವವರಿಗೆ ಇದು ಸಿಗುವುದಿಲ್ಲ.

ಮುಗಿದ ಮೇಲೆ, ಸಿನಿಮಾ ಮತ್ತೆ ಹಾಕದೆ, ನೆನಪಿನಿಂದ ಐದೇ ಸಾಲು ಬರೆಯಿರಿ. ಯಾರಿಗೆ ಏನು ಬೇಕಿತ್ತು? ಏನು ಅಡ್ಡ ಬಂತು? ಎಲ್ಲಿ ಎದೆ ಝಲ್ಲೆಂದಿತು? ಯಾರು ಬದಲಾದರು? ಮರುದಿನವೂ ನೆನಪಿರುವ ಚಿತ್ರ ಯಾವುದು?

ಸಾಮಾನ್ಯ ತಪ್ಪು ಇಲ್ಲೇ ಶುರುವಾಗುತ್ತದೆ. ಹೆಸರಿನಲ್ಲೇ ನೀಮೋ ಇದ್ದಾನೆ ಅಂತ ಮುಖ್ಯ ಪಾತ್ರ ನೀಮೋ ಅಂತ ಬರೆದುಬಿಡುತ್ತಾರೆ. ಮುಖ್ಯ ಪಾತ್ರ ಯಾರು ಅಂತ ತಿಳಿಯಲು ಪೋಸ್ಟರ್ ನೋಡಬಾರದು. ಯಾರ ಆಸೆ ಕಥೆಯನ್ನು ಎಳೆದುಕೊಂಡು ಹೋಗುತ್ತಿದೆ, ಯಾರು ಹೆಚ್ಚು ಬದಲಾಗಬೇಕಾಗಿದೆ ಅಂತ ಕೇಳಬೇಕು. ಹಾಗೆ ಕೇಳಿದರೆ ಉತ್ತರ ಅಪ್ಪ ಮಾರ್ಲಿನ್. ನೀಮೋನೂ ಬೆಳೆಯುತ್ತಾನೆ ನಿಜ. ಆದರೆ ಇಡೀ ಸಮುದ್ರ ದಾಟಬೇಕಾಗಿರುವುದು ಅಪ್ಪನ ಭಯ.

## ಹಂತ 2: ಕಥೆಯ ಹಂದರ ತೆಗೆಯಿರಿ

ಎರಡನೇ ನೋಟದಲ್ಲಿ ಸೀನ್‌ಗಳ ಪಟ್ಟಿ ಮಾಡಿ. ಪ್ರತಿ ಸೀನ್‌ಗೆ ಒಂದು ಸಾಲು, ಪಕ್ಕದಲ್ಲಿ ನಿಮಿಷ. 25ರಿಂದ 30 ಸಾಲು ಸಾಕು. ಇದಕ್ಕಿಂತ ಜಾಸ್ತಿಯಾದರೆ ನೀವು ಸಿನಿಮಾವನ್ನು ನಕಲು ಮಾಡುತ್ತಿದ್ದೀರಿ.

ಈಗ ಎರಡು ಸಾಲುಗಳ ನಡುವೆ ಒಂದು ಪದ ಸೇರಿಸಿ: ‘ಆದ್ದರಿಂದ’ ಅಥವಾ ‘ಆದರೆ’. ಮಗನಿಗೆ ನಿನ್ನಿಂದಾಗದು ಅಂತ ಅಪ್ಪ ಎಲ್ಲರೆದುರು ಹೇಳುತ್ತಾನೆ. ಆದ್ದರಿಂದ ಮಗ ಸಿಟ್ಟಿನಿಂದ ದೋಣಿ ಮುಟ್ಟಲು ಹೋಗುತ್ತಾನೆ. ಆದರೆ ಮುಳುಗುಗಾರನೊಬ್ಬ ಅವನನ್ನು ಹಿಡಿಯುತ್ತಾನೆ, ಆತ ಹಲ್ಲಿನ ಡಾಕ್ಟರ್, ತನ್ನ ಮೀನಿನ ತೊಟ್ಟಿಗೆ ಒಯ್ಯುತ್ತಾನೆ. ಆದ್ದರಿಂದ ಮನೆ ಬಿಟ್ಟು ಹೊರಬರಲು ಹೆದರುವ ಅಪ್ಪ ತೆರೆದ ಸಮುದ್ರಕ್ಕೆ ಇಳಿಯುತ್ತಾನೆ. ಹೀಗೆ ಹೊಂದಿಕೊಂಡರೆ ಅದು ಕಥಾಹಂದರ. ‘ಆಮೇಲೆ’ ಅಂತ ಮಾತ್ರ ಸೇರಿಸಲು ಆಗುತ್ತಿದ್ದರೆ ಅದು ಬರೀ ಘಟನೆಗಳ ಸಾಲು. ಕಥೆಗೂ ಕಥಾಹಂದರಕ್ಕೂ ಇರುವ ವ್ಯತ್ಯಾಸ ಇಷ್ಟೇ. ಲಕ್ಷಣ ಬಾಯಿಪಾಠ ಮಾಡಿದ್ದಕ್ಕಿಂತ ಈ ಎರಡು ಪದ ಸೇರಿಸಿ ನೋಡಿದರೆ ಬೇಗ ತಿಳಿಯುತ್ತದೆ.

ಪಟ್ಟಿ ಸಿದ್ಧವಾದ ಮೇಲೆ ಮೂರು ಕಡೆ ಗುರುತು ಹಾಕಿ.

ಪೂರ್ವಕಥೆ ಎಲ್ಲಿ ಮುಗಿಯುತ್ತದೆ, ಕಥೆಗೆ ಕಿಡಿ ಹೊತ್ತಿಸುವ ಘಟನೆ ಯಾವುದು? ಶುರುವಿನಲ್ಲೇ ಬರಾಕುಡಾ ಮೀನು ದಾಳಿ ಮಾಡಿ ತಾಯಿ ಕೋರಲ್ ಮತ್ತು 400ಕ್ಕೂ ಹೆಚ್ಚು ಮೊಟ್ಟೆಗಳು ಹೋಗುತ್ತವಲ್ಲ, ಬಹಳಷ್ಟು ಮಂದಿ ಅದನ್ನೇ ಬರೆಯುತ್ತಾರೆ. ಅದನ್ನು ಪೂರ್ವಕಥೆ ಅನ್ನುವುದು ಸರಿ. ಮಾರ್ಲಿನ್ ಯಾಕೆ ಹೀಗೆ ಅಂತ ಅದು ಹೇಳುತ್ತದೆ, ಆದರೆ ಅವನನ್ನು ಮನೆಯಿಂದ ಹೊರಡಿಸುವುದಿಲ್ಲ. ಹೊರಡಿಸುವುದು ನೀಮೋನ ಅಪಹರಣ. ಕಿಡಿ ಅದೇ.

ಸಂಘರ್ಷ ಯಾರ ಜೊತೆ? ಶಾರ್ಕ್, ಜೆಲ್ಲಿ ಮೀನು, ಹಲ್ಲಿನ ಡಾಕ್ಟರ್ ಅಂತ ಪಟ್ಟಿ ಬರುತ್ತದೆ. ಇವೆಲ್ಲ ಹೊರಗಿನ ಸಂಘರ್ಷ. ಒಳಗಿನ ಸಂಘರ್ಷ ಒಂದೇ: ಮಗನನ್ನು ಕಾಯಬೇಕೋ, ಬಿಡಬೇಕೋ. ಹೊರಗಿನದನ್ನು ಮಾತ್ರ ಬರೆದರೆ ಉತ್ತರ ಅರ್ಧವಾಗುತ್ತದೆ.

ಪರಾಕಾಷ್ಠೆ ಎಲ್ಲಿ? ಅಪ್ಪ ಮಗ ಒಂದಾಗುವ ಜಾಗ ಅಂತ ಬರೆಯುವವರು ಹೆಚ್ಚು. ಹಾಗಿದ್ದರೆ ಸಿನಿಮಾ ಅಲ್ಲೇ ಮುಗಿಯಬೇಕಿತ್ತು, ಅಲ್ವಾ? ಒಂದಾದ ಕೂಡಲೇ, ಹುಡುಕಾಟದಲ್ಲಿ ಅಪ್ಪನಿಗೆ ಜೊತೆಯಾಗಿದ್ದ ಮೀನು ಡೋರಿ ಮೀನುಗಾರರ ಬಲೆಯಲ್ಲಿ ಸಿಕ್ಕಿಬೀಳುತ್ತಾಳೆ. ತಾನು ಒಳಗೆ ಹೋಗುತ್ತೇನೆ ಅಂತ ನೀಮೋ ಹೇಳುತ್ತಾನೆ. ಈಗಷ್ಟೇ ಸಿಕ್ಕ ಮಗನನ್ನು ಅಪ್ಪ ಮತ್ತೆ ಅಪಾಯಕ್ಕೆ ಬಿಡಬೇಕು. ಶುರುವಿನಲ್ಲಿ ಯಾವ ಆಯ್ಕೆಯನ್ನು ಅವನು ಮಾಡಲಾರದೆ ಇದ್ದನೋ ಅದನ್ನೇ ಇಲ್ಲಿ ಮಾಡುತ್ತಾನೆ. ಪರಾಕಾಷ್ಠೆ ಇದು. ಗದ್ದಲ ಎಲ್ಲಿ ಜಾಸ್ತಿ ಅಂತ ನೋಡಬೇಡಿ, ಆಯ್ಕೆ ಎಲ್ಲಿದೆ ಅಂತ ನೋಡಿ.

## ಹಂತ 3: ಒಂದೇ ಸೀನ್ ಹಿಡಿದು ಮೂರು ಕಾಲಂ ಬರೆಯಿರಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಪೂರ್ತಿ ಸಿನಿಮಾ ಬೇಡ, ಐದು ನಿಮಿಷದ ಒಂದು ತುಣುಕು ಸಾಕು. ಪುಟವನ್ನು ಮೂರು ಕಾಲಂ ಮಾಡಿ. ಮೊದಲನೆಯದು ‘ಕಂಡದ್ದು, ಕೇಳಿದ್ದು’. ಎರಡನೆಯದು ‘ಏನು ಕೆಲಸ ಮಾಡುತ್ತಿದೆ’. ಮೂರನೆಯದು ‘ಹೆಸರು’. ಮೂರನೆಯದನ್ನು ಇವತ್ತು ಖಾಲಿ ಬಿಡಿ. ಕೈ ತುರಿಸಿದರೂ ಬರೆಯಬೇಡಿ.

ತಿಮಿಂಗಿಲದ ಬಾಯಿಯ ಸೀನ್ ತೆಗೆದುಕೊಳ್ಳೋಣ. ಮಾರ್ಲಿನ್ ಮತ್ತು ಡೋರಿ ಒಳಗೆ ಸಿಕ್ಕಿಬಿದ್ದಿದ್ದಾರೆ. ಮಾರ್ಲಿನ್ ಹೊರಬರಲು ಗುದ್ದಿ ಗುದ್ದಿ ಸೋತು ಕೂತಿದ್ದಾನೆ. ಮಗನಿಗೆ ಏನೂ ಆಗದ ಹಾಗೆ ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದೆ ಅನ್ನುತ್ತಾನೆ. ಅದೆಂಥ ಮಾತು, ಏನೂ ಆಗದಿದ್ದರೆ ಅವನ ಬದುಕಿನಲ್ಲಿ ಏನೂ ಆಗುವುದೇ ಇಲ್ಲವಲ್ಲ ಅಂತ ಡೋರಿ ಸಹಜವಾಗಿ ಕೇಳುತ್ತಾಳೆ. ಆಮೇಲೆ ಅವಳು ತಿಮಿಂಗಿಲದ ಭಾಷೆಯಲ್ಲಿ ಮಾತಾಡಲು ಹೊರಟಾಗ ಮಾರ್ಲಿನ್ ರೇಗುತ್ತಾನೆ. ರೇಗುವಾಗ ಅವಳನ್ನು ನೀಮೋ ಅಂತ ಕರೆದುಬಿಡುತ್ತಾನೆ. ನಾಲಿಗೆ ಮೇಲಕ್ಕೇಳುತ್ತದೆ. ಇಬ್ಬರೂ ನಾಲಿಗೆಗೆ ಜೋತುಬೀಳುತ್ತಾರೆ. ಕೈಬಿಡಬೇಕಂತೆ, ಎಲ್ಲ ಸರಿಹೋಗುತ್ತಂತೆ ಅಂತ ಡೋರಿ ಹೇಳುತ್ತಾಳೆ. ಕೆಟ್ಟದ್ದು ಆಗುವುದಿಲ್ಲ ಅಂತ ನಿನಗೆ ಹೇಗೆ ಗೊತ್ತು ಅಂತ ಅವನು ಕೇಳುತ್ತಾನೆ. ಗೊತ್ತಿಲ್ಲ ಅನ್ನುತ್ತಾಳೆ. ಅವನು ಬಿಡುತ್ತಾನೆ.

ಮೊದಲ ಕಾಲಂನಲ್ಲಿ ಇಷ್ಟನ್ನೇ ಬರೆಯಬೇಕು, ಇದೇ ರೀತಿ ಬರೆಯಬೇಕು. ‘ಮಾರ್ಲಿನ್‌ಗೆ ದುಃಖವಾಗುತ್ತದೆ’ ಅಂತ ಬರೆದರೆ ಅದು ನೀವು ಕಂಡದ್ದಲ್ಲ, ತೀರ್ಮಾನಿಸಿದ್ದು. ಕಂಡದ್ದು ಏನು? ಗುದ್ದುವುದನ್ನು ಬಿಟ್ಟ, ಕುಸಿದು ಕೂತ, ಬೆನ್ನು ತಿರುಗಿಸಿದ. ಇದನ್ನು ಬರೆಯಿರಿ.

ಎರಡನೇ ಕಾಲಂಗೆ ಒಂದು ಪರೀಕ್ಷೆ ಇದೆ: ಆ ವಿವರವನ್ನು ತೆಗೆದುಹಾಕಿದರೆ ಏನು ಕಳೆದುಹೋಗುತ್ತದೆ? ಬಾಯಿ ತಪ್ಪಿ ಬಂದ ‘ನೀಮೋ’ ಎಂಬ ಹೆಸರನ್ನು ತೆಗೆಯಿರಿ. ಜಗಳ ಹಾಗೇ ಇರುತ್ತದೆ, ಕಥೆ ಮುಂದಕ್ಕೂ ಹೋಗುತ್ತದೆ. ಆದರೆ ಅವನು ಡೋರಿಯ ಮೇಲೆ ರೇಗುತ್ತಿಲ್ಲ, ಮಗನ ಜೊತೆಗಿನ ಹಳೆಯ ಜಗಳವನ್ನೇ ಮತ್ತೆ ಆಡುತ್ತಿದ್ದಾನೆ ಎಂಬುದು ನಮಗೆ ತಿಳಿಯುತ್ತಿರಲಿಲ್ಲ. ದೋಣಿಯ ಹತ್ತಿರ ಮಗನಿಗೆ ಹೇಳಿದ ಮಾತೇ ಇಲ್ಲಿ ಹೆಚ್ಚುಕಡಿಮೆ ಹಾಗೆಯೇ ವಾಪಸ್ ಬಂದಿದೆ. ನಾಲಿಗೆಗೆ ಜೋತುಬೀಳುವುದನ್ನು ತೆಗೆದು, ಇಬ್ಬರೂ ಸುಮ್ನೆ ಈಜಿ ಹೊರಬಂದರು ಅಂತ ಮಾಡಿ ನೋಡಿ. ಆಗ ‘ಬಿಡುವುದು’ ಎಂಬುದು ಮೈಯಿಂದ ಮಾಡುವ ಕೆಲಸವಾಗಿ ಉಳಿಯುವುದಿಲ್ಲ. ಮನಸ್ಸಿನಲ್ಲಿ ಬಿಡಬೇಕಾದದ್ದನ್ನು ಅವನು ಇಲ್ಲಿ ರೆಕ್ಕೆಯಲ್ಲೇ ಬಿಡುತ್ತಿದ್ದಾನೆ.

ತೆಗೆದರೂ ಏನೂ ಕಳೆಯದಿದ್ದರೆ ಆ ಸಾಲನ್ನು ಹೊಡೆದುಹಾಕಿ. ತಿಮಿಂಗಿಲದ ಬಾಯಲ್ಲಿ ನೀರಿನ ಬಣ್ಣ ಇಂಥದ್ದೇ ಇದೆ, ಅದು ನಿರಾಶೆಯ ಸಂಕೇತ ಅಂತ ಬರೆದವರಿದ್ದಾರೆ. ಬೇರೆಲ್ಲೂ ಆ ಬಣ್ಣಕ್ಕೆ ಆ ಕೆಲಸ ಇಲ್ಲದಿದ್ದರೆ ಅದು ಬರೀ ನೀರು.

## ಹಂತ 4: ಮರುದಿನ ಹೆಸರು ತುಂಬಿ

ಈಗ ಮೂರನೇ ಕಾಲಂ. ಪದಗಳನ್ನು ಒಂಟಿಯಾಗಿ ಕಲಿಯಬೇಡಿ, ಜೋಡಿಯಾಗಿ ಕಲಿಯಿರಿ. ಗೊಂದಲವಾಗುವುದು ಪಕ್ಕದ ಪದದ ಜೊತೆಗೇ.

ವಸ್ತು ಮತ್ತು ಕಥಾಹಂದರ. ಕನ್ನಡದಲ್ಲಿ ಇಲ್ಲೊಂದು ತೊಡಕಿದೆ. ‘ವಸ್ತು’, ‘ಕಥಾವಸ್ತು’, ‘ಆಶಯ’ ಈ ಮೂರನ್ನೂ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ. ಕಥಾವಸ್ತು ಅಂದರೆ ಕೆಲವರಿಗೆ ಘಟನೆಗಳು, ಕೆಲವರಿಗೆ ಒಳಗಿನ ವಿಚಾರ. ಜಾನಪದ ಓದಿದವರಿಗೆ ಆಶಯ ಅಂದರೆ ಮರುಕಳಿಸುವ ಅಂಶ. ವಿಮರ್ಶೆ ಓದಿದವರಿಗೆ ಅದೇ ಪದ ಬರೆದವರ ಉದ್ದೇಶ. ಯಾವುದು ಸರಿ ಅಂತ ಹೊಡೆದಾಡಬೇಡಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ಅರ್ಥವನ್ನು ಬರೆದಿಟ್ಟು, ಕೊನೆಯವರೆಗೂ ಅದನ್ನೇ ಬಳಸಿ. ನಾನು ಇಲ್ಲಿ ವಸ್ತು ಅಂದರೆ ಕಥೆ ಯಾವುದರ ಬಗ್ಗೆ ಯೋಚಿಸುತ್ತಿದೆಯೋ ಅದು, ಆಶಯ ಅಂದರೆ ಮತ್ತೆ ಮತ್ತೆ ಬರುವ ಅಂಶ ಅಂತ ಇಟ್ಟುಕೊಂಡಿದ್ದೇನೆ. ವಸ್ತುವನ್ನು ಒಂದೇ ಪದದಲ್ಲಿ ಬರೆಯಬೇಡಿ. ‘ಪ್ರೀತಿ’ ಅಂತ ಬರೆದರೆ ಸಾವಿರ ಕಥೆಗೆ ಹೊಂದುತ್ತದೆ. ‘ಮಕ್ಕಳನ್ನು ತೀರಾ ಬಿಗಿಯಾಗಿ ಕಾದರೆ ಅವರು ಬದುಕಲು ಕಲಿಯುವುದಿಲ್ಲ’ ಅಂತ ಪೂರ್ತಿ ವಾಕ್ಯ ಬರಲಿ.

ಸಂಕೇತ ಮತ್ತು ಆಶಯ. ಆಶಯವನ್ನು ಎಣಿಸಬಹುದು. ಮಾರ್ಲಿನ್ ಮನೆಯಿಂದ ಹೊರಡುವ ಮುಂಚೆ ಹೊರಗೆ ಇಣುಕುತ್ತಾನೆ, ಒಳಕ್ಕೆ ಬರುತ್ತಾನೆ, ಮತ್ತೆ ಇಣುಕುತ್ತಾನೆ. ಈ ಒಳಗೆ-ಹೊರಗೆ ಓಡಾಟ, ‘ನಿನ್ನಿಂದಾಗದು’ ಎಂಬ ಮಾತು, ಬಿಡುವುದು-ಹಿಡಿಯುವುದು ಇವೆಲ್ಲ ಆಶಯಗಳು. ಸಂಕೇತ ಅಂದರೆ ಕಣ್ಣಿಗೆ ಕಾಣುವ ಏನೋ ಒಂದು ತನಗಿಂತ ದೊಡ್ಡದನ್ನು ಹೊತ್ತಿರುವುದು. ನೀಮೋನ ಚಿಕ್ಕ ಈಜುರೆಕ್ಕೆ ಹಾಗೆ. ಒಂದೇ ಒಂದು ಸಲ ಬಂದದ್ದನ್ನು ಆಶಯ ಅನ್ನುವ ಹಾಗಿಲ್ಲ.

ಉಪಮೆ ಮತ್ತು ರೂಪಕ. ಉಪಮೆ ಇರುವುದು ಮಾತಿನಲ್ಲಿ. ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು) ಬೇಕು, ‘ಅಂತೆ’, ‘ಹಾಗೆ’ ಎಂಬಂಥ ವಾಚಕ ಬೇಕು, ಎರಡಕ್ಕೂ ಸೇರುವ ಗುಣ ಬೇಕು. ಚಿತ್ರದಲ್ಲಿ ‘ಹಾಗೆ’ ಅಂತ ತೋರಿಸಲು ಬರುವುದಿಲ್ಲ. ಹಾಗಾಗಿ ಸಿನಿಮಾದಲ್ಲಿ ಉಪಮೆ ಬೇಕಿದ್ದರೆ ಸಂಭಾಷಣೆಯಲ್ಲಿ ಹುಡುಕಿ. ನಾಲಿಗೆಯನ್ನು ಬಿಡುವುದೇ ಮಗನನ್ನು ಬಿಡುವುದು ಅಂತ ಎರಡನ್ನೂ ಒಂದಾಗಿಸಿ ತೋರಿಸಿದ್ದನ್ನು ದೃಶ್ಯ ರೂಪಕ ಅನ್ನಬಹುದು.

ಮುನ್ಸೂಚನೆ ಮತ್ತು ಸುಳಿವು. ಮುಂದೆ ಏನಾಗುತ್ತದೆ ಅಂತ ಕೂಡಲೇ ಗೊತ್ತಾದರೆ ಅದು ನೇರ ಸುಳಿವು. ಹಿಂತಿರುಗಿ ನೋಡಿದಾಗ ಮಾತ್ರ ಹೊಳೆದರೆ ಮುನ್ಸೂಚನೆ. ಹಲ್ಲಿನ ಡಾಕ್ಟರ್ ನೀಮೋನನ್ನು ಬಲೆಯಲ್ಲಿ ಎತ್ತುವಾಗ ತೊಟ್ಟಿಯ ಮೀನುಗಳೆಲ್ಲ ಬಲೆಯೊಳಗೆ ನುಗ್ಗಿ ಕೆಳಕ್ಕೆ ಈಜುತ್ತವೆ. ಆ ಹೊತ್ತಿಗೆ ಅದೊಂದು ಉಪಾಯ, ಅಷ್ಟೇ. ಕೊನೆಯಲ್ಲಿ ದೊಡ್ಡ ಬಲೆಯಲ್ಲಿ ನೀಮೋ ಎಲ್ಲರಿಗೂ ಕೆಳಕ್ಕೆ ಈಜಿ ಅನ್ನುತ್ತಾನೆ. ಆಗ ಹಿಂದಿನ ಸೀನ್ ತಟ್ಟನೆ ನೆನಪಾಗುತ್ತದೆ. ಆ ಸಣ್ಣ ಬಲೆ ಇಲ್ಲದಿದ್ದರೆ ದೊಡ್ಡ ಬಲೆಯ ಪರಿಹಾರ ಆಕಾಶದಿಂದ ಬಿದ್ದಂತೆ ಇರುತ್ತಿತ್ತು.

ನಾಟಕೀಯ ವ್ಯಂಗ್ಯ ಮತ್ತು ಆಶ್ಚರ್ಯ. ಪಾತ್ರಕ್ಕೆ ಗೊತ್ತಿಲ್ಲದ್ದು ನಮಗೆ ಗೊತ್ತಿದ್ದರೆ ನಾಟಕೀಯ ವ್ಯಂಗ್ಯ. ಇಬ್ಬರಿಗೂ ಗೊತ್ತಿಲ್ಲದಿದ್ದರೆ ಆಶ್ಚರ್ಯ. ತಪ್ಪಿಸಿಕೊಳ್ಳಲೆಂದು ನೀಮೋ ಸತ್ತಂತೆ ನಟಿಸುತ್ತಿದ್ದಾನೆ ಅಂತ ನಮಗೆ ಗೊತ್ತು. ಹೆಜ್ಜಾರ್ಲೆಯ ಕೊಕ್ಕಿನಲ್ಲಿ ಕೂತು ಬಂದ ಮಾರ್ಲಿನ್‌ಗೆ ಗೊತ್ತಿಲ್ಲ. ಮಗ ಬದುಕಿದ್ದರೂ ಅಪ್ಪ ಅವನನ್ನು ಕಳೆದುಕೊಂಡು ವಾಪಸಾಗುತ್ತಾನೆ. ಅಲ್ಲಿ ಹೊಟ್ಟೆ ಕಿವುಚುವುದಕ್ಕೆ ಕಾರಣ ನಮಗೆ ಗೊತ್ತಿರುವುದೇ.

ಇನ್ನು ಮಾನವೀಕರಣ, ಅಂದರೆ ಮನುಷ್ಯರಲ್ಲದ್ದಕ್ಕೆ ಮನುಷ್ಯರ ಗುಣ ಕೊಡುವುದು. ಮೀನು ಮಾತಾಡುತ್ತದೆ ಅಂತ ಪ್ರತಿ ಸೀನ್‌ಗೂ ಬರೆಯಬೇಡಿ, ಇಡೀ ಸಿನಿಮಾ ನಿಂತಿರುವುದೇ ಅದರ ಮೇಲೆ. ಮೀನಿನ ಸ್ವಭಾವವೂ ಮನುಷ್ಯನ ಸ್ವಭಾವವೂ ಡಿಕ್ಕಿ ಹೊಡೆಯುವ ಜಾಗವನ್ನು ಮಾತ್ರ ಹಿಡಿಯಿರಿ. ಮೀನು ತಿನ್ನುವುದಿಲ್ಲ ಅಂತ ಪ್ರತಿಜ್ಞೆ ಮಾಡಿದ ಶಾರ್ಕ್‌ಗೆ ರಕ್ತದ ವಾಸನೆ ಬಡಿದಾಗ ಏನಾಗುತ್ತದೆ ನೋಡಿ.

## ಹಂತ 5: ಒಂದರ ಪಕ್ಕ ಒಂದು ಸೀನ್ ಇಟ್ಟು ನೋಡಿ

ಮೂರನೇ ನೋಟ ಇದಕ್ಕಾಗಿ. ಒಂದಕ್ಕೊಂದು ಹೋಲುವ ಸೀನ್‌ಗಳನ್ನು ಹುಡುಕಿ. ಈ ಸಿನಿಮಾದಲ್ಲಿ ಅವು ಹೇರಳವಾಗಿವೆ, ನನಗಂತೂ ಕಲಿಸುವಾಗ ತುಂಬಾ ಖುಷಿ ಕೊಡುವ ಭಾಗ ಇದು.

ಮರಿ ಆಮೆ ಪ್ರವಾಹದಿಂದ ಹೊರಗೆ ಉರುಳಿಹೋಗುತ್ತದೆ. ಮಾರ್ಲಿನ್ ಹೌಹಾರುತ್ತಾನೆ. ಅಪ್ಪ ಆಮೆ ಕ್ರಶ್ ಮಾತ್ರ ತಡಿ, ಅವನೇನು ಮಾಡುತ್ತಾನೋ ನೋಡೋಣ ಅನ್ನುತ್ತಾನೆ. ಮರಿ ತಾನಾಗಿಯೇ ವಾಪಸ್ ಬರುತ್ತದೆ. ಇದಕ್ಕೂ ಮುಂಚೆ ಅತ್ತ ತೊಟ್ಟಿಯಲ್ಲಿ ನೀಮೋ ಕೊಳವೆಯಲ್ಲಿ ಸಿಕ್ಕಿಕೊಂಡಾಗ ಉಳಿದವರು ಸಹಾಯಕ್ಕೆ ಬಂದರೆ ತೊಟ್ಟಿಯ ಮೀನುಗಳ ನಾಯಕ ಗಿಲ್ ತಡೆಯುತ್ತಾನೆ. ತಾನಾಗಿ ಸಿಕ್ಕಿಕೊಂಡವನು ತಾನಾಗಿ ಹೊರಬರಲಿ ಅನ್ನುತ್ತಾನೆ. ಅಪ್ಪ ಮಗ ಬೇರೆ ಬೇರೆ ಕಡೆ ಇದ್ದಾರೆ, ಪಾಠ ಒಂದೇ. ಕ್ರಶ್ ಮತ್ತು ಗಿಲ್ ಇಬ್ಬರೂ ಮಾರ್ಲಿನ್‌ಗೆ ಪ್ರತಿಪಾತ್ರಗಳು. ಅವರನ್ನು ಪಕ್ಕದಲ್ಲಿ ನಿಲ್ಲಿಸಿದಾಗಲೇ ಅವನ ಗುಣ ಎದ್ದು ಕಾಣುತ್ತದೆ.

ಶುರು ಮತ್ತು ಕೊನೆಯನ್ನೂ ಹೀಗೇ ಪಕ್ಕ ಇಡಿ. ಶುರುವಿನಲ್ಲಿ ಶಾಲೆಗೆ ಹೋಗೋಣ ಅಂತ ಕುಣಿಯುವುದು ಮಗ. ಕೊನೆಯಲ್ಲಿ ಹೊತ್ತಾಯಿತು ಏಳು ಅನ್ನುವುದು ಅಪ್ಪ. ‘ಪಾತ್ರ ಬೆಳವಣಿಗೆ’ ಅಂತ ಬರೆಯುವವರು ಈ ಎರಡು ಸೀನ್‌ಗಳನ್ನು ಸಾಕ್ಷಿಯಾಗಿ ಕೊಡದಿದ್ದರೆ ಬರೆದದ್ದಕ್ಕೆ ಬೆಲೆಯಿಲ್ಲ.

ಮಕ್ಕಳ ಜೊತೆ ಕೂತು ಮಾಡುವುದಾದರೆ ಪದಗಳನ್ನು ಪೂರ್ತಿ ಪಕ್ಕಕ್ಕಿಡಿ. ‘ಇದನ್ನು ಮೊದಲು ಎಲ್ಲಾದರೂ ನೋಡಿದ್ವಾ?’ ಅಂತ ಮಾತ್ರ ಕೇಳಿ. ಅವರು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

## ಹಂತ 6: ಸಮನ್ವಯ ಬರೆಯಿರಿ

ಲಕ್ಷಣ ಎಲ್ಲರಿಗೂ ಬರುತ್ತದೆ, ಪರೀಕ್ಷೆಯಲ್ಲಿ ಅಂಕ ಹೋಗುವುದು ಸಮನ್ವಯದಲ್ಲಿ, ಅಂದರೆ ಆ ಲಕ್ಷಣ ಇಲ್ಲಿ ಹೇಗೆ ಹೊಂದುತ್ತದೆ ಅಂತ ವಿವರಿಸುವುದರಲ್ಲಿ. ಒಂದು ಸೋತ ಉತ್ತರ ನೋಡಿ:

‘ನೀಮೋನ ಚಿಕ್ಕ ರೆಕ್ಕೆ ಒಂದು ಸಂಕೇತ. ಅದು ದೌರ್ಬಲ್ಯವನ್ನು ಸೂಚಿಸುತ್ತದೆ.’

ತಪ್ಪೇನೂ ಇಲ್ಲ, ಆದರೆ ಸಿನಿಮಾ ನೋಡದವರೂ ಇದನ್ನು ಬರೆಯಬಹುದು. ಈಗ ಇದು:

‘ನೀಮೋನ ಒಂದು ರೆಕ್ಕೆ ಚಿಕ್ಕದು. ಅಪ್ಪನಿಗೆ ಅದು ಮಗನನ್ನು ಮನೆಯಲ್ಲೇ ಇಟ್ಟುಕೊಳ್ಳಲು ಕಾರಣ. ತನ್ನ ರೆಕ್ಕೆಯೂ ಹಾಳಾಗಿರುವ ಗಿಲ್‌ಗೆ ಅದು ಅಡ್ಡಿಯೇ ಅಲ್ಲ. ಒಂದೇ ರೆಕ್ಕೆಯನ್ನು ಇಬ್ಬರು ಎರಡು ಬಗೆಯಲ್ಲಿ ನೋಡುವುದರಿಂದ, ಅದು ನೀಮೋನ ಶಕ್ತಿಯ ಬದಲು ನೋಡುವವರ ಭಯವನ್ನು ಅಳೆಯುವ ಸಂಕೇತವಾಗುತ್ತದೆ.’

ಎರಡನೆಯದರಲ್ಲಿ ಸಂಕೇತ ಎಂಬ ಪದ ಕೊನೆಯಲ್ಲಿ ಬಂದಿದೆ, ಗಮನಿಸಿದಿರಾ? ಕಂಡದ್ದು, ಕೆಲಸ, ಹೆಸರು: ಕಾಲಂಗಳ ಕ್ರಮವೇ ಉತ್ತರದ ಕ್ರಮ. ನಿಮ್ಮ ಉತ್ತರ ಪದದಿಂದಲೇ ಶುರುವಾಗುತ್ತಿದ್ದರೆ ಒಮ್ಮೆ ನಿಂತು ತಿರುಗಿಸಿ ಬರೆಯಿರಿ.

## ದಾರಿ ತಪ್ಪಿದ್ದೀರಿ ಅಂತ ತಿಳಿಯುವುದು ಹೇಗೆ

ಮೂರನೇ ಕಾಲಂ ಮೊದಲೇ ತುಂಬಿ, ಎರಡನೆಯದು ಖಾಲಿ ಉಳಿದಿದ್ದರೆ ಹಂತ 3ಕ್ಕೆ ವಾಪಸ್ ಹೋಗಿ. ಒಂದೇ ಪುಟದಲ್ಲಿ ‘ಸಂಕೇತ’ ಐದಾರು ಸಲ ಬಂದಿದ್ದರೆ ನೀವು ನೋಡುವುದನ್ನು ಬಿಟ್ಟು ಹೆಸರಿಡಲು ಶುರು ಮಾಡಿದ್ದೀರಿ. ನಿಮ್ಮ ವಾಕ್ಯದಲ್ಲಿ ಪಾತ್ರದ ಹೆಸರು ತೆಗೆದು ಬೇರೆ ಸಿನಿಮಾದ ಪಾತ್ರ ಹಾಕಿದರೂ ಅದು ಹೊಂದುತ್ತಿದ್ದರೆ, ಆ ವಾಕ್ಯ ಯಾವ ಸಿನಿಮಾದ ಬಗ್ಗೆಯೂ ಅಲ್ಲ.

ಇನ್ನೊಂದು ಲಕ್ಷಣ ಸ್ವಲ್ಪ ಸೂಕ್ಷ್ಮ. ಸಿನಿಮಾ ನೋಡುವುದು ಬೇಸರವಾಗತೊಡಗಿದರೆ ನೀವು ತುಂಬಾ ಹೊತ್ತು ಒಂದೇ ಸೀನ್‌ನಲ್ಲಿ ಕೂತಿದ್ದೀರಿ. ಎರಡು ದಿನ ಬಿಟ್ಟು ಬನ್ನಿ.

## ಹಂತ 7: ಪುಟಕ್ಕೆ ವಾಪಸ್ ತನ್ನಿ

ಸಿನಿಮಾದಲ್ಲಿ ಗುರುತು ಹಿಡಿದವರು ಪುಸ್ತಕ ತೆಗೆದಾಗ ಮತ್ತೆ ತಡವರಿಸುತ್ತಾರೆ. ಸಿನಿಮಾದಲ್ಲಿ ಮುಖ, ಬಣ್ಣ, ಸಂಗೀತ ಕೈಹಿಡಿದು ನಡೆಸುತ್ತವೆ. ಪುಟದಲ್ಲಿ ಆ ಕೆಲಸವನ್ನೆಲ್ಲ ಪದಗಳೇ ಮಾಡಬೇಕು. ಅದಕ್ಕೇ ಈ ಹಂತವನ್ನು ಬಿಡಬಾರದು.

ನಾಲ್ಕೈದು ಪುಟದ ಒಂದು ಸಣ್ಣಕಥೆ ತೆಗೆದುಕೊಳ್ಳಿ. ಮೊದಲ ಓದು ಪೆನ್ ಇಲ್ಲದೆ. ಎರಡನೇ ಓದಿನಲ್ಲಿ ಅದೇ ಮೂರು ಕಾಲಂ. ಮೊದಲ ಕಾಲಂನಲ್ಲಿ ‘ಕಂಡದ್ದು’ ಜಾಗದಲ್ಲಿ ಕಥೆಯ ವಾಕ್ಯವನ್ನು ಹಾಗೇ ಇಳಿಸಿ. ಒಂದು ಹೊಸ ಪ್ರಶ್ನೆ ಸೇರಿಸಿಕೊಳ್ಳಿ: ಇದನ್ನು ಹೇಳುತ್ತಿರುವವರು ಯಾರು, ಅವರಿಗೆ ಎಷ್ಟು ಗೊತ್ತು? ಸಿನಿಮಾದಲ್ಲಿ ಕ್ಯಾಮೆರಾ ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ, ಕಥೆಯಲ್ಲಿ ನಿರೂಪಕ ಮಾಡುತ್ತಾನೆ. ಹೆಸರಿನ ಕಾಲಂ ಇಲ್ಲೂ ಮರುದಿನದವರೆಗೆ ಖಾಲಿ ಇರಲಿ.